ಜಾಕ್ ಇಡುವ ಜಾಗ

ಜೂನ್ 9

ಮಾವನವರಿಗೆ ನಮಸ್ಕಾರ.

ನಾವಿಬ್ಬರೂ ಚೆನ್ನಾಗಿದ್ದೇವೆ. ಕಾರು ಚೆನ್ನಾಗಿಲ್ಲ. ಅದಕ್ಕೇ ಈ ಕಾಗದ.

ಫೋನಿನಲ್ಲೇ ಹೇಳಬಹುದಿತ್ತು. ಎರಡು ಸಲ ಮಾಡಿದೆ, ಎರಡು ಸಲವೂ ನೀವು "ಆಯ್ತಮ್ಮ, ಆಯ್ತಮ್ಮ" ಎಂದು ಇಟ್ಟುಬಿಟ್ಟಿರಿ. ಮೊದಲನೆಯ ಸಲ ನಾನು ಕೇಳಿದ್ದು "ಊಟ ಆಯ್ತಾ ಮಾವ?" ಎಂದು, ಹಾಗಾಗಿ ಸರಿಹೋಯಿತು. ಎರಡನೆಯ ಸಲ ಕೇಳಿದ್ದು "ನನ್ನ ಮೇಲೆ ಇನ್ನೂ ಕೋಪಾನಾ?" ಎಂದು. ಅದಕ್ಕೂ "ಆಯ್ತಮ್ಮ" ಎಂದಿರಿ. ಆಮೇಲೆ ನಾನು ಮಾಡಲಿಲ್ಲ.

ನಿಮ್ಮ ಮಗ ಕಾರಿನ ಸದ್ದನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದರಲ್ಲ, ಅದಕ್ಕೆ ನೀವು "ಈ ಯಂತ್ರ ಸದ್ದನ್ನ ನುಂಗುತ್ತೆ, ಬರೆದು ಕಳಿಸೋಕೆ ಹೇಳು" ಎಂದಿರಂತೆ, ಅತ್ತೆ ಹೇಳಿದರು. ಸದ್ದನ್ನು ಬರೆಯುವುದು ಹೇಗೆ? ನೋಡುತ್ತೇನೆ. ಹಳ್ಳಬಿದ್ದ ರಸ್ತೆಯಲ್ಲಿ ನಿಧಾನವಾಗಿ ಹೋದರೆ ಲೊಟಲೊಟ. ಬ್ರೇಕ್ ಒತ್ತಿದರೆ ಒಂದು ಟಕ್, ಒಂದೇ ಒಂದು. ಮನೆಯ ಗೇಟಿನೊಳಕ್ಕೆ ತಿರುಗಿಸುವಾಗ ಇನ್ನೊಂದು ಟಕ್. ಬಲಗಡೆಯ ಮುಂದಿನ ಚಕ್ರದಿಂದ ಅನ್ನಿಸುತ್ತದೆ. ಅನ್ನಿಸುತ್ತದೆ ಅಷ್ಟೇ, ನನ್ನ ಕಿವಿಯ ಮೇಲೆ ನನಗೆ ಅಷ್ಟೇನೂ ಭರವಸೆಯಿಲ್ಲ. ಊರೆಲ್ಲ 'ಕಿವಿ ಮೇಸ್ತ್ರಿ' ಎಂದು ಕರೆಯುವ ನಿಮ್ಮ ಮುಂದೆ ನನ್ನದು ಯಾವ ಕಿವಿ?

ಈ ಹೊಸ ಊರಿನಲ್ಲಿ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವ ಕೆಲಸ ಸಿಕ್ಕಿದೆ. ಸಂಜೆ ಮನೆಗೆ ಬಂದಾಗ ಉಗುರು ಬೆಳ್ಳಗೇ ಇರುತ್ತದೆ. ಯಜಮಾನರಿಗೆ ಹಿಂದುಗಡೆ ಗ್ಯಾರೇಜೂ ಇದೆ. "ಆರು ವರ್ಷ ಮಾವನ ಜೊತೆ ಕೆಲಸ ಮಾಡಿದೀನಿ ಅಂತೀಯ, ಒಳಗೆ ಬಾಮ್ಮ" ಎಂದು ದಿನಾ ಕರೆಯುತ್ತಾರೆ. ಇಲ್ಲ ಎಂದೆ. ಗಡಿಯಾರ ರಿಪೇರಿಯವರ ಕಾರಿನ ಜಾಬ್ ಕಾರ್ಡಿನಲ್ಲಿ 'ಎಲ್ಲ ಸರಿ ಇದೆ' ಎಂದು ಬರೆದು ಸಹಿ ಹಾಕಿದ ಕೈ ಇದು. ನಾಲ್ಕನೆಯ ದಿನ ಅದೇ ಕಾರಿನ ಕೀಲು ಕಳಚಿ, ಪೇಟೆ ತಿರುವಿನಲ್ಲಿ ಚಕ್ರ ಮಗುಚಿ, ಗಡಿಯಾರದವರು ಗೋಡೆಗೆ ಗುದ್ದಿ ಮಣಿಕಟ್ಟು ಮುರಿದುಕೊಂಡರು. ಬೇರೆಯವರ ಕಾರಿಗೆ ಈ ಕೈ ಇನ್ನು ಬೇಡ.

ಅವರ ಕೈ ಈಗ ಹೇಗಿದೆ ಮಾವ? ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಹಿಡಿಯುವ ಕೈ ಅದು.

ನಿಮ್ಮ ಸೊಸೆ


ಜೂನ್ 17

ಹತ್ತು-ಹನ್ನೊಂದಕ್ಕೆ,

'ನಿಮ್ಮ ಸೊಸೆ' ಎಂದು ಸಹಿ ಹಾಕಿದ್ದೀಯ. ನನಗಿರುವವಳು ಒಬ್ಬಳೇ ಸೊಸೆ, ಹಾಕದಿದ್ದರೂ ಗೊತ್ತಾಗುತ್ತಿತ್ತು. ಆದರೆ ನಾನಿಟ್ಟ ಹೆಸರು ಅದಲ್ಲವಲ್ಲ. ನೀನು ಮದುವೆಯಾಗಿ ಬಂದು ಒಂಬತ್ತು ದಿನವಾಗಿತ್ತು. ಟೀ ಲೋಟ ಹಿಡಿದು ನಿಂತಿದ್ದೆ. ನಾನು ಕಾರಿನ ಕೆಳಗಿಂದ, ನಟ್ಟು ಬಿಚ್ಚಲು ಹನ್ನೆರಡು-ಹದಿಮೂರರ ಪಾನ ಕೇಳಿದೆ. ನೀನು ಬಗ್ಗಿ ನಟ್ಟನ್ನು ಒಂದು ಸಲ ನೋಡಿ, ಹತ್ತು-ಹನ್ನೊಂದರ ಪಾನ ಕೈಗಿತ್ತೆ. ಬೈಯೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅದು ನಟ್ಟಿಗೆ ಸರಿಯಾಗಿ ಕೂತಿತು. ಮೂವತ್ತು ವರ್ಷದ ಮೇಸ್ತ್ರಿ ತೆರೆದ ಬಾಯಿ ಮುಚ್ಚಿದ್ದು ಅವತ್ತೇ.

ಕೋಪವಿಲ್ಲ. ಫೋನು ನನಗೆ ಆಗಿಬರುವುದಿಲ್ಲ, ಅಷ್ಟೇ.

ಸದ್ದು ಚೆನ್ನಾಗಿ ಬರೆದಿದ್ದೀಯ. ಲೊಟಲೊಟ ಬೇರೆ ಕಾಯಿಲೆ, ಟಕ್ ಬೇರೆ ಕಾಯಿಲೆ. ಹಳೇ ಕಾರು ಹಳೇ ಮನುಷ್ಯನ ಹಾಗೆ, ಒಂದೇ ನೋವು ಹೇಳಿಕೊಂಡು ಬರುವುದಿಲ್ಲ. ಮೊದಲು ಬಾನೆಟ್ಟಿನ ಮೂಲೆಯ ಮೇಲೆ ಭಾರ ಬಿಟ್ಟು ಒತ್ತಿ, ಥಟ್ಟನೆ ಕೈ ತೆಗೆ. ಒಂದು ಸಲ ಎದ್ದು ಸುಮ್ಮನೆ ನಿಂತರೆ ಶಾಕ್ ಅಬ್ಸಾರ್ಬರ್ ಚೆನ್ನಾಗಿದೆ. ಯಜಮಾನರ ಮುಂದೆ ಗುಮಾಸ್ತ ತಲೆಯಾಡಿಸಿದ ಹಾಗೆ ಆಡಿಸುತ್ತಲೇ ಇದ್ದರೆ ಅದರ ಕಥೆ ಮುಗಿಯಿತು. ಆಮೇಲೆ ಮುಂದಿನ ಟೈರುಗಳ ಒಳ ಅಂಚನ್ನು ಅಂಗೈಯಲ್ಲಿ ಸವರಿ ನೋಡು. ಹೊರಗಿನಿಂದ ನೋಡಿದರೆ ಟೈರು ಯಾವತ್ತೂ ಹೊಸದೇ. ಟಾರ್ಚು ಹಿಡಿದು ಬಗ್ಗಿ, ತೋಳುಗಳ ಬುಡದಲ್ಲಿರುವ ರಬ್ಬರ್ ಬುಷ್‌ಗಳನ್ನೂ ನೋಡು.

ಇನ್ನೊಂದು. ಟಕ್ ಎಂದಾಗ ಅದು ಮೈಯಲ್ಲಿ ಎಲ್ಲಿ ತಿಳಿಯುತ್ತದೆ? ಸ್ಟಿಯರಿಂಗ್ ಹಿಡಿದ ಕೈಗಾ, ಸೀಟಿಗಾ, ಕಾಲಿಗಾ? ಕಿವಿಯ ಮಾತು ಬಿಡು. ಅದನ್ನು ಬರೆ.

ಗಡಿಯಾರದವರು ಅಂಗಡಿ ತೆರೆದಿದ್ದಾರೆ.

ನಿನ್ನ ಮಾವ

(ಕಾಗದದ ಕೆಳಗೆ ಜಾಗ ಉಳಿದಿತ್ತು, ಸುಮ್ಮನೆ ಯಾಕೆ ಬಿಡಬೇಕು? ಇವರು ಈಗ ಟಿವಿ ಹಾಕಿದರೆ ವಾರ್ತೆ ಕೇಳೋಕೆ ಪಕ್ಕದ ಮನೆಯವರು ತಮ್ಮ ಟಿವಿ ಹಾಕೋದೇ ಬೇಡ. ನಾನೇನೂ ಹೇಳಿಲ್ಲ. ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದಾರೆ. ಹುಷಾರಾಗಿರಿ. — ಅತ್ತೆ)


ಜೂನ್ 28

ಮಾವನವರಿಗೆ,

ಪರೀಕ್ಷೆ ಬರೆದಿದ್ದೇನೆ, ತಿದ್ದಿ ಕಳಿಸಿ.

ಬಾನೆಟ್ ಒತ್ತಲು ನನ್ನ ಭಾರ ಸಾಲಲಿಲ್ಲ. ನಿಮ್ಮ ಮಗನನ್ನು ಎಬ್ಬಿಸಿಕೊಂಡು ಬಂದು ಮೂಲೆಯಲ್ಲಿ ಕೂರಿಸಿದೆ. ಊರಿನ ನೆಲವನ್ನೆಲ್ಲ ಸರಪಳಿ ಹಿಡಿದು ಅಳೆಯುವ ಮನುಷ್ಯ, ಬಾನೆಟ್ ತೆರೆಯುವ ಕೊಂಡಿ ಎಲ್ಲಿದೆ ಎಂದು ಇನ್ನೂ ಹುಡುಕುತ್ತಾರೆ. "ಗ್ಯಾರೇಜಿಗೆ ನಾನು ಬರೀ ಭಾರ ಅಂತ ಅಪ್ಪ ಅವತ್ತೇ ಹೇಳಿದ್ರು, ಇವತ್ತು ಉಪಯೋಗಕ್ಕೆ ಬಂತು ನೋಡು" ಎಂದರು. ಅವರು ಇಳಿದ ಮೇಲೆ ಕಾರು ಎದ್ದು, ಇನ್ನೊಂದೇ ಸಲ ತಲೆಯಾಡಿಸಿ ನಿಂತಿತು. ಶಾಕ್ ಅಬ್ಸಾರ್ಬರಿಗೆ ವಯಸ್ಸಾಗಿದೆ, ಸತ್ತಿಲ್ಲ ಎಂದುಕೊಂಡೆ. ಬುಷ್‌ಗಳು ಒಣಗಿದ ತುಟಿಯ ಹಾಗೆ ಬಿರಿದಿವೆ. ಲೊಟಲೊಟ ಅವುಗಳದ್ದೇ ಇರಬೇಕು. ಬಲ ಟೈರಿನ ಒಳ ಅಂಚು ನುಣ್ಣಗಾಗಿದೆ, ಎಡದ್ದು ಪರವಾಗಿಲ್ಲ.

ಟಕ್ ತಿಳಿಯುವುದು ಬಲಗಾಲಿನ ಹಿಮ್ಮಡಿಗೆ. ನೀವು ಕೇಳುವವರೆಗೆ ನನಗೇ ಗೊತ್ತಿರಲಿಲ್ಲ. ನೀವು ಯಾವತ್ತೂ ಹೀಗೆ ಕೇಳಿದವರಲ್ಲ. "ಸುಮ್ನಿರು, ಕೇಳಿಸ್ಕೋ" ಎನ್ನುತ್ತಿದ್ದಿರಿ.

ಇನ್ನು ಉಳಿದದ್ದು ಚಕ್ರ ಎತ್ತಿ ಅಲುಗಾಡಿಸಿ ನೋಡುವುದು. ಅದನ್ನು ನಾನು ಮಾಡುವುದಿಲ್ಲ. ಗಡಿಯಾರದವರ ಕಾರಿನ ಚಕ್ರವನ್ನೂ ಅಲುಗಾಡಿಸಿದ್ದೆನಲ್ಲ, ಮೇಲೊಂದು ಕೈ, ಕೆಳಗೊಂದು ಕೈ, ನೀವು ಕಲಿಸಿದ ಹಾಗೆಯೇ. ಬಂಡೆಯ ಹಾಗಿತ್ತು. ಬಂಡೆಯಂಥದ್ದು ನಾಲ್ಕು ದಿನಕ್ಕೆ ಕಳಚಿಬಿದ್ದಿತು. ಅಂದರೆ ಸವೆದದ್ದು ನನ್ನ ಕೈಗೆ ತಿಳಿಯಲಿಲ್ಲ. ಈಗಲೂ ಬಟ್ಟೆ ಹಿಂಡುವಾಗ, ಬಾಗಿಲ ಚಿಲಕ ಹಾಕುವಾಗ ಕೈಯನ್ನೇ ನೋಡುತ್ತಿರುತ್ತೇನೆ, ಇದಕ್ಕೆ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಎಂದು. ಕಾರನ್ನು ಇಲ್ಲಿ ಯಾರಿಗಾದರೂ ತೋರಿಸುತ್ತೇನೆ.

ನಿಮ್ಮ ಸೊಸೆ


ಜುಲೈ 8

ಹತ್ತು-ಹನ್ನೊಂದಕ್ಕೆ,

ಯಾರಿಗೂ ತೋರಿಸಬೇಡ. ನೀನೇ ನೋಡು. ಇದೊಂದು ಮಾತು ಕೇಳು.

ಹಗಲಲ್ಲಿ ಮಾಡು. ಹಿಂದಿನ ಚಕ್ರಗಳಿಗೆ ಕಲ್ಲು ಕೊಡು. ಜಾಕನ್ನು ಕಾರಿನ ಚೌಕಟ್ಟಿಗೆ, ಚಾಸಿಯ ಕೆಳಗೆ ಇಡಬೇಡ. ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು ಇದೆಯಲ್ಲ, ನಮ್ಮ ಕಾರಿನಲ್ಲಿ ಸ್ಪ್ರಿಂಗ್ ಕೂತಿರುವುದು ಅದರ ಮೇಲೆಯೇ. ಆ ತೋಳಿನ ತುದಿಯ ಕೀಲೇ ಬಾಲ್ ಜಾಯಿಂಟ್. ಜಾಕ್ ಇಡಬೇಕಾದದ್ದು ಅದರ ಹತ್ತಿರ, ತೋಳಿನ ಕೆಳಗೆ. ಚಾಸಿಯನ್ನು ಎತ್ತಿದರೆ ಸ್ಪ್ರಿಂಗು ತೋಳನ್ನು ಕೆಳಕ್ಕೆ ತಳ್ಳುತ್ತಲೇ ಇರುತ್ತದೆ. ಕೀಲು ಬಿಗಿದು ನಿಲ್ಲುತ್ತದೆ, ಎಷ್ಟೇ ಸವೆದಿದ್ದರೂ ಅಲುಗುವುದಿಲ್ಲ. ಭಾರ ಹೊತ್ತ ಕೀಲು ಬಾಯಿ ಬಿಡುವುದಿಲ್ಲ. ತೋಳನ್ನೇ ಎತ್ತಿ, ಭಾರ ಇಳಿಸಿ ಕೇಳಬೇಕು. ಪಕ್ಕದಲ್ಲಿ ಸ್ಟ್ಯಾಂಡ್ ಇಟ್ಟು, ಆಮೇಲೆ ಚಕ್ರಕ್ಕೆ ಕೈ ಹಾಕು.

ಇದನ್ನು ನಾನು ನಿನಗೆ ಕಲಿಸಿರಲಿಲ್ಲ. ಕಲಿಸಬೇಕಿತ್ತು.

ನಿನ್ನ ಮಾವ


ಜುಲೈ 15

ಮಾವನವರಿಗೆ,

ಭಾನುವಾರ ಬೆಳಿಗ್ಗೆ ಮಾಡಿದೆ. ಮೊದಲು ಬೇಕೆಂದೇ ಜಾಕನ್ನು ಚಾಸಿಯ ಕೆಳಗಿಟ್ಟೆ. ಚಕ್ರ ಬಂಡೆಯ ಹಾಗೆ ನಿಂತಿತು. ಇಳಿಸಿದೆ. ತೋಳಿನ ಕೆಳಗಿಟ್ಟು ಎತ್ತಿದೆ. ಅದೇ ಚಕ್ರ, ಅದೇ ಕೈ, ಅದೇ ಹಿಡಿತ. ಟಕ್. ಟಕ್. ಟಕ್. ನಿಮ್ಮ ಮಗನನ್ನು ಕರೆದು ಅಲುಗಾಡಿಸಲು ಹೇಳಿದೆ. ಅವರಿಗೂ ತಿಳಿಯಿತು ಅಂದಮೇಲೆ ನೋಡಿ.

ನಾನು ಅಂಗಳದಲ್ಲೇ ಕೂತುಬಿಟ್ಟೆ. ಇವರು ಗಾಬರಿಯಾಗಿ ನೀರು ತಂದರು.

ಗಡಿಯಾರದವರ ಕಾರು ಬಂದದ್ದು ಬ್ರೇಕ್ ಕೆಲಸಕ್ಕೆ. ನಾನು ಬರುವಷ್ಟರಲ್ಲಿ ಆಗಲೇ ಎತ್ತಿ ನಿಲ್ಲಿಸಿದ್ದಿರಿ. "ಹೇಗೂ ಎತ್ತಿದೆ, ಚಕ್ರ ಅಲ್ಲಾಡಿಸಿ ನೋಡ್ಬಿಡು" ಎಂದಿರಿ. ಅದೂ ಇದೇ ನಮೂನೆಯ ಕಾರು. ಜಾಕ್ ಎಲ್ಲಿತ್ತು ಎಂದು ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ. ಆರು ವರ್ಷದಲ್ಲಿ ಒಂದೇ ಒಂದು ದಿನವೂ ನನಗೆ ಜಾಕ್ ಇಡಲು ಬಿಡಲಿಲ್ಲ ನೀವು. "ಜಾಕ್ ಜಾರಿದ್ರೆ ಜೀವ, ಅದು ನನ್ನ ಕೆಲಸ" ಎನ್ನುತ್ತಿದ್ದಿರಿ. ಅದು ಪ್ರೀತಿ ಎಂದು ತಿಳಿದಿದ್ದೆ. ಈಗಲೂ ಹಾಗೆಯೇ ತಿಳಿದಿದ್ದೇನೆ.

ಒಂದೇ ಪ್ರಶ್ನೆ. ನಿಮಗೆ ಯಾವಾಗಿನಿಂದ ಗೊತ್ತಿತ್ತು?

ಸೊಸೆ


ಆಗಸ್ಟ್ 2

ಮಗಳೇ,

ನಿನ್ನ ಕಾಗದ ಹತ್ತು ದಿನದಿಂದ ನನ್ನ ಅಂಗಿಯ ಜೇಬಿನಲ್ಲಿದೆ. ಅಂಗಿ ಬದಲಾಯಿಸಿದರೂ ಅದು ಬದಲಾಗುವುದಿಲ್ಲ. ನಿನ್ನ ಅತ್ತೆ ಒಗೆಯಲು ಹಾಕುವ ಮುಂಚೆ ತೆಗೆದು ಮತ್ತೆ ಹೊಸ ಅಂಗಿಯ ಜೇಬಿಗೆ ಇಡುತ್ತಾಳೆ.

ಗೊತ್ತಿತ್ತು. ಕಾರು ಗೋಡೆಗೆ ಗುದ್ದಿದ ಸುದ್ದಿ ಬಂದ ಗಳಿಗೆಯಿಂದಲೇ ಗೊತ್ತಿತ್ತು. ಜಾಕ್ ಚಾಸಿಯ ಕೆಳಗಿತ್ತು, ಇಟ್ಟವನು ನಾನು. ಹಾಗೆ ಇಟ್ಟರೆ ಕೀಲು ಸುಳ್ಳು ಹೇಳುತ್ತದೆ ಎಂದೂ ನನಗೆ ಗೊತ್ತಿತ್ತು. ಆದರೂ ಯಾಕೆ ಸುಮ್ಮನಿದ್ದೆ ಎಂದರೆ, ಆಮೇಲೆ ಟ್ರಯಲ್ ಹೋಗುತ್ತೇನಲ್ಲ, ಕಿವಿಗೆ ಬಂದೇ ಬರುತ್ತದೆ ಎಂಬ ಧೈರ್ಯ. ಮೂವತ್ತಾರು ವರ್ಷ ಹಾಗೇ ನಡೆದಿತ್ತು.

ಟ್ರಯಲ್ಲಿಗೆ ನೀನೂ ಬಂದಿದ್ದೆ. ಪೇಟೆ ತಿರುವಿನಲ್ಲಿ ನನ್ನ ಕಡೆ ತಿರುಗಿ ಏನೋ ಹೇಳಿದೆ. ನಾನು "ಏನಿಲ್ಲ, ಸೀಟಿನ ಕೆಳಗೆ ಯಾವ್ದೋ ಪಾನ ಬಿದ್ದಿರ್ಬೇಕು" ಎಂದೆ. ನೆನಪಿದೆಯಾ? ನೀನು ಸುಮ್ಮನಾದೆ. ಕಿವಿ ಮೇಸ್ತ್ರಿ ಇಲ್ಲವೆಂದ ಮೇಲೆ ಇಲ್ಲ. ನಿನ್ನ ಬಾಯಿ 'ಟಕ್' ಎಂದದ್ದು ನನ್ನ ಕಣ್ಣಿಗೆ ಕಂಡಿತ್ತು ಮಗಳೇ. ಕಿವಿಗೆ ಕೇಳಿಸಿರಲಿಲ್ಲ. ನಿನ್ನ ಮಾತೂ ಇಲ್ಲ, ಕಾರಿನ ಸದ್ದೂ ಇಲ್ಲ.

ಅದಕ್ಕೆ ಎರಡು ವರ್ಷ ಮೊದಲೇ ಶುರುವಾಗಿತ್ತು. ತಗಡಿನ ಮೇಲೆ ಸುತ್ತಿಗೆ ಹೊಡೆದೂ ಹೊಡೆದೂ ಕಿವಿ ಸವೆದುಹೋಗಿದೆ ಎಂದರು ಡಾಕ್ಟರು. ನಿನ್ನ ಅತ್ತೆಯ ಹೊರತು ಯಾರಿಗೂ ಹೇಳಲಿಲ್ಲ, ಅವಳಿಗೂ ಆಣೆ ಹಾಕಿಸಿದ್ದೆ. ತುಟಿ ನೋಡಿ ಮಾತು ಊಹಿಸುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಊರಿಗೇ ಗೊತ್ತಿಲ್ಲವೆಂದುಕೊಂಡಿದ್ದೆ. ಕಿವುಡ ಎಂದು ಗೊತ್ತಾದರೆ ಕಿವಿ ಮೇಸ್ತ್ರಿಯ ಹತ್ತಿರ ಕಾರು ಯಾರು ತರುತ್ತಾರೆ? ಅವತ್ತು ಗಡಿಯಾರದವರ ತಮ್ಮ ಬಂದು ಕೂಗಾಡಿದಾಗ ನೀನು "ನಾನೇ ನೋಡಿದ್ದು, ನನ್ನ ಕೈಗೆ ಗೊತ್ತಾಗ್ಲಿಲ್ಲ" ಎಂದು ಮುಂದೆ ಬಂದೆ. ಅದನ್ನೂ ತುಟಿಯಲ್ಲೇ ಓದಿದೆ. ಒಂದಕ್ಷರ ಬಿಡದೆ ಓದಿದೆ. ಓದಿಯೂ ಸುಮ್ಮನೆ ನಿಂತೆ. ಆ ನಿಂತದ್ದಕ್ಕೆ ನನ್ನ ಹತ್ತಿರ ಯಾವ ಸಮಾಧಾನವೂ ಇಲ್ಲ.

ಮೊನ್ನೆ ಗಡಿಯಾರದವರು ತಾವಾಗಿ ಗ್ಯಾರೇಜಿಗೆ ಬಂದರು. ಕೈ ನಡುಗುವುದು ಪೂರ್ತಿ ನಿಂತಿದೆಯಂತೆ. ಜೇಬಿನಿಂದ ಒಂದು ಹಳೇ ಗಡಿಯಾರ ತೆಗೆದು ನನ್ನ ಮುಖದ ಹತ್ತಿರ ಹಿಡಿದು, ನಗುತ್ತಾ ಏನೋ ಕೇಳಿದರು. ಹೊಸದಾಗಿ ರಿಪೇರಿ ಮಾಡಿದ್ದನ್ನು ಕೇಳಿಸುತ್ತಿದ್ದಾರೆ ಎಂದುಕೊಂಡು, "ಆಹಾ, ಟಿಕ್ ಟಿಕ್ ಅಂತ ಎಷ್ಟು ಚೆನ್ನಾಗಿ ಓಡ್ತಿದೆ" ಎಂದೆ. ಅವರ ಮುಖದ ನಗು ಹಾಗೇ ನಿಂತುಹೋಯಿತು. ಗಡಿಯಾರದ ಹಿಂದಿನ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಸ್ಪ್ರಿಂಗೇ ಇರಲಿಲ್ಲ. "ಇದಕ್ಕೆ ಹೊಂದೋ ಸ್ಪ್ರಿಂಗ್ ಎಲ್ಲಾದ್ರೂ ಸಿಗುತ್ತಾ ಮೇಸ್ತ್ರಿ?" ಎಂದು ಅವರು ಕೇಳಿದ್ದಂತೆ. ಮುಖದ ಹತ್ತಿರ ತಂದದ್ದು ನಾನು ಕನ್ನಡಕ ಹಾಕಿಲ್ಲ, ಹತ್ತಿರದಿಂದ ನೋಡಲಿ ಎಂದು.

ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಜಾಕು, ಕಿವಿ, ನೀನು ಟಕ್ ಎಂದದ್ದು, ನಾನು ಪಾನ ಎಂದದ್ದು. ಅವರು ನನ್ನ ಬಿಲ್ಲು ಪುಸ್ತಕ ಎಳೆದುಕೊಂಡು, ವಾಸಿಯಾದ ಅದೇ ಕೈಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು: 'ಆ ಹುಡುಗಿಗೆ ಹೇಳಿದಿರಾ?'

ಈಗ ಹೇಳುತ್ತಿದ್ದೇನೆ. ನಿನ್ನ ಕೈ ಸುಳ್ಳು ಹೇಳಿರಲಿಲ್ಲ. ನಿನ್ನ ಕಿವಿಯೂ ಸುಳ್ಳು ಹೇಳಿರಲಿಲ್ಲ. ಹೇಳಿದವನು ನಾನೊಬ್ಬನೇ. ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತೇನೆ.

ಆ ಕಾರನ್ನು ಕೀಲು ಬದಲಾಯಿಸುವವರೆಗೆ ಓಡಿಸಬೇಡ.

ಮಾವ


ಸೆಪ್ಟೆಂಬರ್ 14

ನನ್ನ ಸೊಸೆಗೆ ಆಶೀರ್ವಾದಗಳು.

ನಾನು ಕಾಗದ ಬರೆದವಳಲ್ಲ, ತಪ್ಪಿದ್ದರೆ ನಿನ್ನ ಗಂಡ ತಿದ್ದಿಕೊಳ್ಳಲಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಈಗ ನಿನ್ನ ಕಾಲ. ನೀನು ಎಷ್ಟು ದಿನ ಬೇಕಾದರೂ ಕೋಪ ಮಾಡು, ನಾನು ಬೇಡ ಅನ್ನೋದಿಲ್ಲ. ನಾನೇ ಎರಡು ದಿನ ಇವರಿಗೆ ಅನ್ನ ಬಡಿಸಿ ಮಾತಾಡದೆ ಎದ್ದುಹೋದೆ. ಮೂರನೇ ದಿನ ಹೊಳೀತು, ಮಾತಾಡದೆ ಇದ್ದರೆ ಇವರಿಗೆ ಹೇಗೆ ಗೊತ್ತಾಗಬೇಕು?

ಬೆಳಿಗ್ಗೆ ಹನ್ನೊಂದಕ್ಕೆ ಅಂಚೆಯವನು ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತಾರೆ. ಅವನ ಸೈಕಲ್ ಗಂಟೆ ಕೇಳಿಸೋದಿಲ್ಲವಲ್ಲ, ಅದಕ್ಕೆ ಹತ್ತೂವರೆಗೇ ಹೋಗಿ ನಿಲ್ಲುತ್ತಾರೆ. ಟ್ರಯಲ್ ಹೋಗೋದು ಬಿಟ್ಟಿದ್ದಾರೆ. ಬಂದವರಿಗೆಲ್ಲ ತಾವೇ "ನನಗೆ ಕಿವಿ ಕೇಳ್ಸಲ್ಲ, ಬೇರೆ ಕಡೆನೂ ಒಂದ್ಸಲ ತೋರಿಸ್ಕೊಳ್ಳಿ" ಅಂತಾರೆ. ಹಾಗೆ ಹೇಳಿದ ಮೇಲೂ ಅರ್ಧ ಜನ ಬರುತ್ತಲೇ ಇದ್ದಾರೆ, ಅದೇನು ಮೋಡಿಯೋ.

ಬೈದಾದರೂ ಬರೆ. ಬಿಳೀ ಹಾಳೆ ಮಾತ್ರ ಕಳಿಸಬೇಡ.

ಅತ್ತೆ


ಸೆಪ್ಟೆಂಬರ್ 25

ಮಾವ,

ಮೂರು ಕಾಗದ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಬೈಗುಳ ಇತ್ತು, ಗ್ಯಾರೇಜಿನಲ್ಲಿ ನಿಮ್ಮಿಂದಲೇ ಕಲಿತದ್ದು. ಎರಡನೆಯದರಲ್ಲಿ ಬರೀ ಅಳು. ಮೂರನೆಯದರಲ್ಲಿ 'ಪರವಾಗಿಲ್ಲ' ಎಂದು ಬರೆದಿದ್ದೆ. ಅದನ್ನು ಎಲ್ಲಕ್ಕಿಂತ ಮೊದಲು ಹರಿದೆ, ಯಾಕೆಂದರೆ ಅದು ನಿಜವಲ್ಲ.

ಪರವಾ ಇದೆ ಮಾವ. ಹತ್ತಿರ ಹತ್ತಿರ ಒಂದು ವರ್ಷ ನನ್ನ ಕೈಯನ್ನೇ ನಾನು ನಂಬಲಿಲ್ಲ. ನನಗೆ ಸಿಟ್ಟು ಬಂದಿರುವುದು ಜಾಕಿಗಲ್ಲ, ಕಿವಿಗೂ ಅಲ್ಲ. ಒಂದು ಮಾತು ಹೇಳಿದ್ದರೆ ಟ್ರಯಲ್ಲಿನಲ್ಲಿ ನಿಮ್ಮ ಪಕ್ಕ ಕೂತು, ಟಕ್ ಎಂದಾಗಲೆಲ್ಲ ನಿಮ್ಮ ಮೊಣಕೈ ಚಿವುಟುತ್ತಿದ್ದೆ. ಊರಿಗೆ ಗೊತ್ತಾಗದ ಹಾಗೆ ಸಾಯುವವರೆಗೆ ನಡೆಸುತ್ತಿದ್ದೆವು. ನನಗೆ ಹೇಳಲು ನಿಮಗೆ ಏನು ಅಡ್ಡ ಬಂತು? ಇದನ್ನು ಇನ್ನೂ ಸ್ವಲ್ಪ ದಿನ ಕೇಳುತ್ತಲೇ ಇರುತ್ತೇನೆ. ಉತ್ತರ ಕೊಡಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ. ಕೇಳಿಸದಿದ್ದರೆ ಬರೆದು ಕೊಡುತ್ತೇನೆ.

ನಿಮ್ಮ ಕಾಗದ ಬಂದ ಮರುವಾರ ಅಂಗಡಿಯ ಕೌಂಟರ್ ಬಿಟ್ಟು ಹಿಂದಿನ ಗ್ಯಾರೇಜಿಗೆ ಹೋದೆ. "ಅಂತೂ ಬಂದ್ಯಲ್ಲಮ್ಮ" ಎಂದು ಯಜಮಾನರು ಒಂದು ಹಳೇ ಏಪ್ರನ್ ಕೊಟ್ಟರು. ಮೊದಲು ಮುಟ್ಟಿದ್ದು ನಮ್ಮ ಕಾರನ್ನೇ. ಹಳೇ ಬಾಲ್ ಜಾಯಿಂಟ್ ಒಂದು ಗಂಟೆ ಹಟ ಮಾಡಿತು, ಕೊನೆಗೆ ಸುತ್ತಿಗೆಯ ಎರಡೇ ಏಟಿಗೆ ಬಿಟ್ಟಿತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ, ಗಿಲಕಿಯ ಹಾಗೆ ಆಡುತ್ತಿತ್ತು. ಬುಷ್‌ಗಳನ್ನೂ ಹೊಸದು ಹಾಕಿದೆ. ಆಮೇಲೆ ಬೇರೆಯವರ ಕಾರುಗಳೂ ಬಂದವು. ಜಾಕ್ ನಾನೇ ಇಡುತ್ತೇನೆ. ಜಾಬ್ ಕಾರ್ಡಿನಲ್ಲಿ ಈಗ ಒಂದು ಸಾಲು ಹೆಚ್ಚು ಬರೆಯುತ್ತೇನೆ, ಜಾಕ್ ಎಲ್ಲಿ ಇಟ್ಟಿದ್ದೆ ಎಂದು. ಯಜಮಾನರು ನಗುತ್ತಾರೆ, ನಗಲಿ. ಉಗುರು ಕಪ್ಪಾಗಿದೆ. ನಿಮ್ಮ ಮಗ "ಮನೆಗೆ ಅಪ್ಪನ ವಾಸನೆ ಬಂತು" ಎಂದರು.

ಮುಂದಿನ ಭಾನುವಾರ ಬರುತ್ತಿದ್ದೇವೆ. ಹಾರನ್ ಹೊಡೆಯುವುದಿಲ್ಲ, ಹತ್ತೂವರೆಗೆ ಗೇಟಿನ ಹತ್ತಿರ ನಿಂತಿರಿ, ಹೇಗೂ ಅಭ್ಯಾಸವಾಗಿದೆಯಂತಲ್ಲ. ಮೊದಲು ಗಡಿಯಾರದವರ ಅಂಗಡಿಗೆ ಹೋಗಿ ಅವರ ಕೈ ನೋಡಬೇಕು. ಆಮೇಲೆ ಪೇಟೆ ತಿರುವಿನಲ್ಲಿ ಒಂದು ಟ್ರಯಲ್. ನಾನು ಓಡಿಸುತ್ತೇನೆ, ನೀವು ಪಕ್ಕದಲ್ಲಿ.

ಸದ್ದು ಬರೆದು ಕಳಿಸು ಎಂದಿದ್ದಿರಿ. ಬರೆಯುತ್ತಿದ್ದೇನೆ. ಹಳ್ಳಬಿದ್ದ ರಸ್ತೆಯಲ್ಲಿ, ಏನೂ ಇಲ್ಲ. ಬ್ರೇಕ್ ಒತ್ತಿದರೆ, ಏನೂ ಇಲ್ಲ. ಗೇಟಿನೊಳಕ್ಕೆ ತಿರುಗಿಸುವಾಗ, ಏನೂ ಇಲ್ಲ. ನಿಮಗೆ ಎಷ್ಟು ಕೇಳಿಸುತ್ತದೋ ನನಗೂ ಈಗ ಅಷ್ಟೇ ಕೇಳಿಸುತ್ತಿದೆ, ಮಾವ.

ನಿಮ್ಮ
ಹತ್ತು-ಹನ್ನೊಂದು